ಎಚ್-ಇಂಡೆಕ್ಸ್ 19 ಅಂದರೆ ಏನು ಗೊತ್ತಾಯಿತು?

ಒಬ್ಬ ನರವಿಜ್ಞಾನಿಯ ಎಚ್-ಇಂಡೆಕ್ಸ್ 19. ಇಷ್ಟು ಹೇಳಿದರೆ ಅವರ ಬಗ್ಗೆ ಏನು ತಿಳಿಯಿತು? ಅವರು ಕನಿಷ್ಠ 19 ಪೇಪರ್ ಬರೆದಿದ್ದಾರೆ. ಆ 19ರಲ್ಲಿ ಒಂದೊಂದನ್ನೂ ಕನಿಷ್ಠ 19 ಪೇಪರ್‌ಗಳಲ್ಲಿ ಉಲ್ಲೇಖಿಸಲಾಗಿದೆ. ಅಷ್ಟೇ. ಅವರು ಇಲಿಯ ಮೆದುಳಿನ ಚೂರಿನ ಮೇಲೆ ಗಾಜಿನ ಪಿಪೆಟ್ ಇಳಿಸುವವರೋ, ಸ್ಕ್ಯಾನರ್‌ನಲ್ಲಿ ಜನರನ್ನು ಮಲಗಿಸಿ ಚಿತ್ರ ತೆಗೆಯುವವರೋ, ಕಂಪ್ಯೂಟರ್ ಮುಂದೆ ಕೂತು ಮಾಡೆಲ್ ಬರೆಯುವವರೋ ಗೊತ್ತಾಗುವುದಿಲ್ಲ. ಆದರೂ ಬಡ್ತಿಯ ಫೈಲ್ ತೆಗೆದರೆ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಆ ಸಂಖ್ಯೆಯೇ.

ನಾನು ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೇಳಿಕೊಂಡು ಬರುವವರು ಈಗ ಕಡಿಮೆ. ಜಾಸ್ತಿ ಬರುವುದು ಬಡ್ತಿಗೋ ಗ್ರಾಂಟಿಗೋ ಅರ್ಜಿ ಹಾಕಿದವರ ಫೈಲ್. ಪ್ರಕಟಣೆಗಳ ಪಟ್ಟಿ ಸರಿ ಇದೆಯಾ ನೋಡಬೇಕು, ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ ಎಣಿಸಬೇಕು, ಒಂದು ಹಾಳೆ ಮಾಡಿ ಸಮಿತಿಗೆ ಕಳಿಸಬೇಕು. ಎಲ್ಲ ವಿಭಾಗದ ಫೈಲೂ ಬರುತ್ತವೆ. ನನ್ನ ತಲೆ ತಿನ್ನುವುದು ಮಾತ್ರ ನರವಿಜ್ಞಾನದ್ದು. ಒಂದೇ ಬೋರ್ಡಿನ ಕೆಳಗೆ ಅಲ್ಲಿ ನಾಲ್ಕೈದು ಬೇರೆ ಬೇರೆ ಕಸುಬು ನಡೆಯುತ್ತಿವೆ.

ಈಚೆಗೆ ಎರಡು ಫೈಲ್ ಒಟ್ಟಿಗೆ ಬಂದವು. ಯಾರೆಂದು ಗುರುತು ಸಿಗಬಾರದು ಅಂತ ವಿವರಗಳನ್ನು, ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಒಬ್ಬರು ಪ್ಯಾಚ್ ಕ್ಲ್ಯಾಂಪ್, ಅಂದರೆ ಗಾಜಿನ ಪಿಪೆಟ್‌ನಿಂದ ಒಂದೊಂದು ಕೋಶದ ವಿದ್ಯುತ್ ಅಳೆಯುವ ಕೆಲಸ ಮಾಡುವವರು. 31 ಪೇಪರ್, ಎಚ್-ಇಂಡೆಕ್ಸ್ 19. ಇನ್ನೊಬ್ಬರು ಎಫ್‌ಎಂಆರ್‌ಐ, ಅಂದರೆ ಸ್ಕ್ಯಾನರ್‌ನಲ್ಲಿ ಮೆದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಕಡೆಯವರು. 140 ಪೇಪರ್, ಎಚ್-ಇಂಡೆಕ್ಸ್ 46. ಇರುವುದು ಒಂದೇ ಹುದ್ದೆ. ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿ, "ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ ಮೇಡಂ? ನಂಬರ್ ಕಣ್ಣಿಗೆ ಕಾಣ್ತಿದೆಯಲ್ಲ" ಎಂದರು.

ಕಾಣುತ್ತಿತ್ತು, ನಿಜ. ಆ ನಂಬರ್ ಬಂದದ್ದೆಲ್ಲಿಂದ ಅನ್ನುವುದು ಕಾಣುತ್ತಿರಲಿಲ್ಲ.

ಮೊದಲು ಎಣಿಕೆಯನ್ನೇ ತೆಗೆದುಕೊಳ್ಳಿ. ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್, ಸೈಟೇಶನ್ ಎಣಿಸುವ ಈ ಮೂರು ತಾಣಗಳಲ್ಲಿ ಒಬ್ಬರ ಹೆಸರನ್ನೇ ಹಾಕಿ ನೋಡಿ. ಮೂರು ಉತ್ತರ ಬರುತ್ತದೆ. ಗೂಗಲ್ ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹೊರಗೆ ಹಾಕಿದ ಪೇಪರ್), ಪುಸ್ತಕದ ಅಧ್ಯಾಯ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಅದರದೇ ದೊಡ್ಡ ಸಂಖ್ಯೆ. ಉಳಿದೆರಡು ತಾವು ಆರಿಸಿದ ಜರ್ನಲ್‌ಗಳಿಂದಲೇ ಹೆಚ್ಚಾಗಿ ಎಣಿಸುತ್ತವೆ. ಅರ್ಜಿದಾರರು ಯಾವುದನ್ನು ಬರೆಯುತ್ತಾರೆ ಅಂತ ಬೇರೆ ಹೇಳಬೇಕಾ? ಪ್ಯಾಚ್ ಕ್ಲ್ಯಾಂಪ್‌ನವರ ಪ್ರೊಫೈಲಿನಲ್ಲಂತೂ ಅದೇ ಹೆಸರಿನ ಇನ್ನೊಬ್ಬರ ಎರಡು ಪೇಪರ್ ಬಂದು ಕೂತಿದ್ದವು. ಒಂದು ಮಣ್ಣಿನ ರಸಾಯನಶಾಸ್ತ್ರದ್ದು. ಇವರಿಗೆ ಅದು ಗೊತ್ತೇ ಇರಲಿಲ್ಲ. ಒರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ 2012ರಿಂದ ಇದೆ, ಉಚಿತ. ಅದನ್ನು ಮಾಡಿಸಿಕೊಂಡು ಪ್ರತಿ ಪೇಪರಿಗೂ ಹಾಕಿದರೆ ಈ ರಗಳೆ ಅರ್ಧ ಕಡಿಮೆಯಾಗುತ್ತದೆ. ನಾನಂತೂ ಎಲ್ಲಿಂದ ಎಣಿಸಿದೆ, ಯಾವ ತಾರೀಖು ಎಣಿಸಿದೆ ಅನ್ನುವುದನ್ನು ಬರೆಯದೆ ಯಾವ ಅಂಕಿಯನ್ನೂ ಹಾಳೆಗೆ ಹಾಕುವುದಿಲ್ಲ.

ಆಮೇಲೆ ಹೆಸರುಗಳ ಸಾಲು. ನರವಿಜ್ಞಾನದ ಪೇಪರ್‌ಗಳಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ಮಧ್ಯದಲ್ಲಿ ಯಾರು ಏನು ಮಾಡಿದರು ಅನ್ನುವುದು ಹೊರಗಿನವರಿಗೆ ತಿಳಿಯದು. ಎಫ್‌ಎಂಆರ್‌ಐಯವರ 140ರಲ್ಲಿ ದೊಡ್ಡ ಪಾಲು ಮಧ್ಯದ್ದೇ. ಅದರಲ್ಲೂ ಕೆಲವು, ಹತ್ತಾರು ದೇಶಗಳ ಸ್ಕ್ಯಾನ್ ಒಟ್ಟು ಹಾಕುವ ಎನಿಗ್ಮಾ ಥರದ ಒಕ್ಕೂಟಗಳ ಪೇಪರ್. ಅಲ್ಲಿ ಲೇಖಕರ ಪಟ್ಟಿಯೇ ನೂರು ದಾಟುತ್ತದೆ. ಇದನ್ನು ನೋಡಿ "ಓ, ಸುಮ್ನೆ ಹೆಸರು ಸೇರಿಸಿಕೊಂಡಿದ್ದಾರೆ" ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸಾವಿರಾರು ಮೆದುಳುಗಳ ಸ್ಕ್ಯಾನ್ ಇಲ್ಲದೆ ಉತ್ತರವೇ ಸಿಗದ ಪ್ರಶ್ನೆಗಳಿವೆ. ಅವನ್ನು ಒಂದು ಲ್ಯಾಬ್ ಮಾಡಲಾಗದು. ಆದರೆ ಅಂಥ ಒಂದು ಪೇಪರಿಗೆ ಬಂದ 500 ಸೈಟೇಶನ್ ನೂರು ಜನರ ಲೆಕ್ಕಕ್ಕೂ ಪೂರ್ತಿ 500 ಆಗಿಯೇ ಸೇರುತ್ತದೆ. ಇದು ಸಮಿತಿಯವರಿಗೆ ನೆನಪಿರಬೇಕು. ಈಗ ಅನೇಕ ಜರ್ನಲ್‌ಗಳು ಪೇಪರಿನ ಕೊನೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಅಂತ ಅಚ್ಚು ಹಾಕುತ್ತವೆ. ಕ್ರೆಡಿಟ್ ಅನ್ನುವ ಪದ್ಧತಿಯಲ್ಲಿ ಇದಕ್ಕೆ 14 ಪಾತ್ರಗಳಿವೆ: ಪ್ರಯೋಗ, ಸಾಫ್ಟ್‌ವೇರ್, ಮೊದಲ ಕರಡು, ಹಣ ತಂದದ್ದು, ಹೀಗೆ. ಅದನ್ನು ಓದಿದರೆ ಇವರು ಬಹಳಷ್ಟು ಕಡೆ ಅಂಕಿಅಂಶದ ವಿಶ್ಲೇಷಣೆಯನ್ನು ಪೂರ್ತಿ ತಾವೇ ಹೊತ್ತಿದ್ದಾರೆ ಎಂದು ಗೊತ್ತಾಯಿತು. ಇದನ್ನು ಎಚ್-ಇಂಡೆಕ್ಸ್ ಹೇಳುವುದಿಲ್ಲ.

ಪ್ಯಾಚ್ ಕ್ಲ್ಯಾಂಪ್‌ನವರದು ಬೇರೆಯೇ ಲೋಕ. ಇವರು ಕೆಲಸ ಮಾಡುವುದು ಕ್ಯಾಲಿಕ್ಸ್ ಆಫ್ ಹೆಲ್ಡ್ ಅನ್ನುವ ಒಂದು ಸಿನ್ಯಾಪ್ಸ್ ಮೇಲೆ. ಸಿನ್ಯಾಪ್ಸ್ ಎಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗ. ಸಾಮಾನ್ಯವಾಗಿ ಇದು ತೀರಾ ಸಣ್ಣದು. ಮೆದುಳಿನ ಕಾಂಡದಲ್ಲಿ, ಶಬ್ದ ಯಾವ ದಿಕ್ಕಿನಿಂದ ಬಂತು ಎಂದು ಲೆಕ್ಕ ಹಾಕುವ ದಾರಿಯಲ್ಲಿ ಇರುವ ಈ ಸಿನ್ಯಾಪ್ಸ್ ಮಾತ್ರ ದೈತ್ಯ. ಎಷ್ಟು ದೊಡ್ಡದೆಂದರೆ ಸುದ್ದಿ ಕಳಿಸುವ ತುದಿಗೂ ತಗೊಳ್ಳುವ ಕೋಶಕ್ಕೂ ಒಟ್ಟಿಗೇ ಪಿಪೆಟ್ ಹಾಕಿ ಅಳೆಯಬಹುದು. ಹೀಗೆ ಎರಡೂ ಕಡೆಯಿಂದ ಅಳೆಯಲು ಬಿಡುವ ಸಿನ್ಯಾಪ್ಸ್‌ಗಳು ಬಹಳ ಕಡಿಮೆ. ಆದರೆ ಆ ಜೋಡಿ ಅಳತೆ ಕೈಗೆ ಹತ್ತಲು ವರ್ಷಗಳೇ ಬೇಕು. ಒಂದೊಂದು ಕೋಶವನ್ನೂ ಕೈಯಿಂದಲೇ ಹಿಡಿಯಬೇಕು. ಇಡೀ ದಿನ ಕೂತು ಒಂದೂ ಒಳ್ಳೆಯ ರೆಕಾರ್ಡಿಂಗ್ ಸಿಗದ ದಿನಗಳು ಮಾಮೂಲು. ಒಂದು ಪೇಪರಿಗೆ ಎರಡು ಮೂರು ವರ್ಷ ಹಿಡಿದರೆ ಅದು ಸೋಮಾರಿತನ ಅಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಸಿನ್ಯಾಪ್ಸ್ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳೇ ಕಡಿಮೆ. ಸೈಟೇಶನ್ ಆಕಾಶದಿಂದ ಉದುರುವುದಿಲ್ಲ ಅಲ್ವಾ, ಯಾರೋ ಪೇಪರ್ ಬರೆದಾಗ ತಾನೇ ಬರುವುದು? ಬರೆಯುವವರು ಕಡಿಮೆ ಇದ್ದಲ್ಲಿ ಸೈಟೇಶನ್ನೂ ಕಡಿಮೆ. ಎಫ್‌ಎಂಆರ್‌ಐ ಪೇಪರನ್ನು ಮನಶ್ಶಾಸ್ತ್ರದವರು, ಮನೋವೈದ್ಯರು, ಅಂಕಿಅಂಶದವರು, ಅರ್ಥಶಾಸ್ತ್ರದವರು ಕೂಡ ಉಲ್ಲೇಖಿಸುತ್ತಾರೆ. ಇದನ್ನು ಸರಿದೂಗಿಸಲು ಆರೋಗ್ಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಎನ್‌ಐಎಚ್ ಸಂಸ್ಥೆ ಐಸೈಟ್ ಅಂತ ಒಂದು ಉಚಿತ ಸಾಧನ ಇಟ್ಟಿದೆ. ಒಂದು ಪೇಪರನ್ನು ಯಾವ ಪೇಪರ್‌ಗಳ ಜೊತೆ ಸೇರಿಸಿ ಉಲ್ಲೇಖಿಸುತ್ತಾರೋ ಅದನ್ನೇ ಅದರ ಕ್ಷೇತ್ರ ಅಂತ ಹಿಡಿದು, ಅದಕ್ಕೆ ಹೋಲಿಸಿ ಅಂಕ ಕೊಡುತ್ತದೆ. ಆ ಲೆಕ್ಕದಲ್ಲಿ 1 ಬಂದರೆ ಎನ್‌ಐಎಚ್ ಹಣದಿಂದ ನಡೆದ ಪೇಪರ್‌ಗಳ ಮಟ್ಟಕ್ಕೆ ಸಮ ಅಂತ. ಹಾಗೆ ನೋಡಿದಾಗ ನಮ್ಮ ಎರಡು ಫೈಲ್‌ಗಳ ನಡುವಿನ ಅಂತರ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ಪ್ಯಾಚ್ ಕ್ಲ್ಯಾಂಪ್‌ನವರ ಎರಡು ಪೇಪರ್‌ಗಳಂತೂ ಎಫ್‌ಎಂಆರ್‌ಐಯವರದಕ್ಕಿಂತ ಮೇಲಿದ್ದವು.

ಜರ್ನಲ್ ಹೆಸರು ನೋಡಿ ಅಳೆಯುವವರ ಬಗ್ಗೆ ಹೆಚ್ಚು ಹೇಳಲು ನನಗೆ ಬೇಜಾರು. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, 2022 ಮತ್ತು 2023ರಲ್ಲಿ ಆ ಜರ್ನಲ್‌ನಲ್ಲಿ ಬಂದ ಲೇಖನಗಳಿಗೆ 2024ರಲ್ಲಿ ಸಿಕ್ಕ ಸೈಟೇಶನ್‌ಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಕೆಲವೇ ಪೇಪರ್ ಆ ಸರಾಸರಿಯನ್ನು ಎಳೆದು ಮೇಲಕ್ಕೆ ಇಟ್ಟಿರುತ್ತವೆ. 1975ರಿಂದ ವರ್ಷವರ್ಷ ಬರುವ ಈ ಪಟ್ಟಿ ಯಾವ ಜರ್ನಲ್‌ಗೆ ಚಂದಾ ಕಟ್ಟಬೇಕು ಅಂತ ನೋಡಲು ನಮ್ಮಂಥ ಲೈಬ್ರರಿಯವರಿಗೆ ಉಪಯೋಗವಾಗುತ್ತಿತ್ತು. ಅದನ್ನು ಮನುಷ್ಯರಿಗೆ ಹಚ್ಚಿದ್ದು ನಾವಲ್ಲ.

ಈಗ ನನಗೆ ನಿಜಕ್ಕೂ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಬ್ಬರ ಅತಿ ಹೆಚ್ಚು ಸೈಟೇಶನ್ ಇರುವ ಪೇಪರ್ ಅವರ ಅತಿ ದೊಡ್ಡ ಕೆಲಸ ಆಗಿರುವುದು ಅಪರೂಪ. ಬಹಳ ಸಲ ಅದೊಂದು ವಿಧಾನದ ಪೇಪರ್, ಸಾಫ್ಟ್‌ವೇರ್ ಅಥವಾ ಈಗಾಗಲೇ ಆದ ಕೆಲಸಗಳನ್ನು ಒಟ್ಟು ಮಾಡಿ ಹೇಳುವ ರಿವ್ಯೂ. ಎಲ್ಲ ವಿಜ್ಞಾನ ಸೇರಿಸಿದರೂ ಅತಿ ಹೆಚ್ಚು ಉಲ್ಲೇಖವಾದ ಪೇಪರ್ ಯಾವುದು ಗೊತ್ತಾ? 1951ರಲ್ಲಿ ಆಲಿವರ್ ಲೌರಿ ಮತ್ತು ಜೊತೆಯವರು ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಬಗೆ. 2014ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಹಾಕಿದಾಗಲೇ ಮೂರು ಲಕ್ಷ ಸೈಟೇಶನ್ ದಾಟಿತ್ತು. ಲೌರಿಗೆ ಹೆಚ್ಚು ಆಸಕ್ತಿ ಇದ್ದದ್ದು ಮೆದುಳಿನ ರಸಾಯನದಲ್ಲಿ, ಒಂದೇ ಒಂದು ನರಕೋಶದೊಳಗೆ ಏನು ಎಷ್ಟಿದೆ ಎಂದು ಅಳೆಯುವುದರಲ್ಲಿ. ಈ ಪೇಪರ್ ಅಂಥ ದೊಡ್ಡದೇನಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ, ಜನ ಬಳಸುವುದು ನೋಡಿ ಒಳಗೊಳಗೇ ಖುಷಿ ಅಂತಲೂ.

ಪ್ಯಾಚ್ ಕ್ಲ್ಯಾಂಪ್ ಕಥೆಯೂ ಹೀಗೇ. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್ಮನ್ ಒಂದೇ ಅಯಾನ್ ಚಾನೆಲ್ (ಕೋಶದ ಪೊರೆಯಲ್ಲಿರುವ, ವಿದ್ಯುತ್ ಹೊತ್ತ ಕಣಗಳು ದಾಟುವ ಸಣ್ಣ ಬಾಗಿಲು) ತೆರೆದು ಮುಚ್ಚುವುದನ್ನು ಮೊದಲು ತೋರಿಸಿದ್ದು 1976ರ ಪೇಪರಿನಲ್ಲಿ. ಆದರೆ ಜಗತ್ತು ಉಲ್ಲೇಖಿಸುವುದು ಜಾಸ್ತಿ 1981ರದ್ದನ್ನು. ಅದರಲ್ಲಿ ಇನ್ನೂ ಮೂವರ ಜೊತೆ ಸೇರಿ, ಗಾಜು ಮತ್ತು ಕೋಶದ ಪೊರೆಯ ನಡುವೆ ಬಿಗಿಯಾದ ಸೀಲ್ ಮಾಡುವುದು ಹೇಗೆ ಅಂತ ವಿವರವಾಗಿ ಹೇಳಿಕೊಟ್ಟರು. ಮಾಡಿ ನೋಡಲು ಬೇಕಾದದ್ದು ಅದೇ. ಇಬ್ಬರಿಗೂ 1991ರಲ್ಲಿ ನೊಬೆಲ್ ಬಂತು. ಈಗಿನ ಕಾಲದಲ್ಲಿ ಚಿತ್ರಗಳನ್ನು ಅಳೆಯುವ ಫಿಜಿ, ವೀಡಿಯೊದಲ್ಲಿ ಪ್ರಾಣಿಯ ಚಲನೆ ಹಿಡಿಯುವ ಡೀಪ್‌ಲ್ಯಾಬ್‌ಕಟ್ ಪೇಪರ್‌ಗಳ ಸೈಟೇಶನ್ ನೋಡಿದರೆ ಅದೇ ನಡೆಯುತ್ತಿದೆ. ಇದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ಜನಕ್ಕೆ ಉಪಯೋಗವಾಗುವ ಸಾಧನ ಮಾಡುವುದು ದೊಡ್ಡ ಕೆಲಸವೇ. ಆದರೆ ಅದು ಯಾವ ಥರದ ಕೆಲಸ ಎಂದು ಹೇಳಬೇಕು.

ಹಾಗಾಗಿ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಎಣಿಸುವುದು ಮುಗಿದ ಮೇಲೆ ಉಲ್ಲೇಖಿಸಿದ ಪೇಪರ್‌ಗಳಲ್ಲಿ ಒಂದಿಷ್ಟನ್ನು ತೆರೆದು, ಉಲ್ಲೇಖ ಬಂದ ವಾಕ್ಯವನ್ನೇ ಓದುತ್ತೇನೆ. ಅದು ಪೀಠಿಕೆಯಲ್ಲಿದೆಯಾ, ವಿಧಾನದ ಭಾಗದಲ್ಲಿದೆಯಾ, ಚರ್ಚೆಯಲ್ಲಿದೆಯಾ? ಒಂಟಿಯಾಗಿದೆಯಾ, ಆರೇಳು ಪೇಪರ್‌ಗಳ ಗುಂಪಿನಲ್ಲಿದೆಯಾ? ಸೈಟೇಶನ್ ಲೆಕ್ಕದಲ್ಲಿ ಎಫ್‌ಎಂಆರ್‌ಐಯವರ ಮೊದಲ ಸ್ಥಾನದ ಪೇಪರ್ ಒಂದು ರಿವ್ಯೂ. ಉಲ್ಲೇಖಗಳಲ್ಲಿ ಹೆಚ್ಚಿನವು "ಈ ಭಾಗ ಭಾವನೆಗಳಲ್ಲಿ ಪಾತ್ರ ವಹಿಸುತ್ತದೆ" ಅನ್ನುವಂಥ ಪೀಠಿಕೆಯ ವಾಕ್ಯದ ಬಾಲದಲ್ಲಿ, ಗುಂಪಿನಲ್ಲಿ. ಅವರ ಏಳನೆಯ ಸ್ಥಾನದ್ದು ಬೇರೆ ಥರ. ಸ್ಕ್ಯಾನ್ ವಿಶ್ಲೇಷಣೆಯಲ್ಲಿ ಸುಳ್ಳು ಪತ್ತೆ, ಅಂದರೆ ಇಲ್ಲದ ಚಟುವಟಿಕೆ ಇದೆಯೆಂದು ಕಾಣುವುದು, ಎಷ್ಟು ಬರುತ್ತದೆ ಅನ್ನುವುದರ ಬಗ್ಗೆ. 2016ರಲ್ಲಿ ಬಂದ ಒಂದು ಪ್ರಸಿದ್ಧ ಪೇಪರ್, ಬಳಕೆಯಲ್ಲಿದ್ದ ಕೆಲವು ವಿಧಾನಗಳಲ್ಲಿ 5 ಶೇಕಡ ಇರಬೇಕಾದ ಸುಳ್ಳು ಪತ್ತೆ 70 ಶೇಕಡದವರೆಗೂ ಹೋಗಬಹುದು ಎಂದು ತೋರಿಸಿತ್ತು. ಆಮೇಲೆ ಬಹಳ ಜನ ತಮ್ಮ ಲೆಕ್ಕ ಬದಲಿಸಿಕೊಂಡರು. ಇವರ ಪೇಪರ್ ಆ ಸಾಲಿಗೆ ಸೇರಿದ್ದು. ಉಲ್ಲೇಖಿಸಿದವರು ವಿಧಾನದ ಭಾಗದಲ್ಲಿ, "ಇದನ್ನು ಅನುಸರಿಸಿ ನಾವು ಮಿತಿಯನ್ನು ಬಿಗಿ ಮಾಡಿದೆವು" ಎಂದು ಬರೆದಿದ್ದರು. ಒಬ್ಬರ ಕೆಲಸ ಇನ್ನೊಬ್ಬರ ಕೈಯನ್ನು ಬದಲಿಸಿದ್ದು ಅಂದರೆ ಇದೇ.

ಪ್ಯಾಚ್ ಕ್ಲ್ಯಾಂಪ್‌ನವರದರಲ್ಲೂ ಅಂಥದೊಂದು ಸಿಕ್ಕಿತು. ನೂರೂ ದಾಟದ ಸೈಟೇಶನ್. ಆದರೆ ಉಲ್ಲೇಖಿಸಿದವರಲ್ಲಿ ಅರ್ಧದಷ್ಟು ಜನ ಕಂಪ್ಯೂಟರ್ ಮಾಡೆಲ್ ಮಾಡುವವರು. ಪ್ಯಾಚ್ ಕ್ಲ್ಯಾಂಪ್‌ನವರು ಸಿನ್ಯಾಪ್ಸ್‌ನಲ್ಲಿ ಅಳೆದ ಕ್ಯಾಲ್ಸಿಯಂ ಅಂಕಿಗಳನ್ನು ನೇರವಾಗಿ ತಮ್ಮ ಮಾಡೆಲಿಗೆ ಹಾಕಿಕೊಂಡಿದ್ದಾರೆ. ಆ ಅಳತೆ ತಪ್ಪಾಗಿದ್ದರೆ ಅಷ್ಟೂ ಮಾಡೆಲ್ ಅಲ್ಲಾಡುತ್ತವೆ. ಇದಕ್ಕಿಂತ ಪ್ರಭಾವ ಬೇಕಾ?

ಓದದೆ ಎಣಿಸಿದರೆ ಇನ್ನೂ ಒಂದು ಅಪಾಯ ಇದೆ. 2006ರಲ್ಲಿ ನೇಚರ್‌ನಲ್ಲಿ ಆಲ್ಝೈಮರ್ ಕಾಯಿಲೆ ಬಗ್ಗೆ ಒಂದು ಪೇಪರ್ ಬಂತು. ಅಮೈಲಾಯ್ಡ್ ಬೀಟಾ ಅನ್ನುವ ಪ್ರೋಟೀನಿನ ಒಂದು ವಿಶೇಷ ರೂಪವೇ ಇಲಿಗಳಲ್ಲಿ ನೆನಪು ಕೆಡಿಸುತ್ತದೆ ಎಂದು ಅದು ಹೇಳಿತ್ತು. 2022ರಲ್ಲಿ ಅದರ ಚಿತ್ರಗಳ ಮೇಲಿನ ಅನುಮಾನ ಬಹಿರಂಗವಾಯಿತು. 2024ರಲ್ಲಿ ಪೇಪರನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್ ಆಗಿತ್ತು. ಎಣಿಸುವ ಯಂತ್ರಕ್ಕೆ ಒಪ್ಪಿದ ಸೈಟೇಶನ್, ಅನುಮಾನಿಸಿದ ಸೈಟೇಶನ್ ಎಲ್ಲ ಒಂದೇ. ತಮಾಷೆ ಅಂದರೆ, 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಸೈಟೇಶನ್ ಸೂಚಿ ಮಾಡೋಣ ಅಂತ ಮೊದಲು ಬರೆದಾಗ ಕೊಟ್ಟ ಕಾರಣಗಳಲ್ಲಿ ಒಂದು ಇದೇ ಆಗಿತ್ತು. ಹಳೆಯ ಪೇಪರನ್ನು ಆಮೇಲೆ ಯಾರಾದರೂ ಟೀಕಿಸಿದ್ದರೆ ಓದುಗನಿಗೆ ಅದು ಸಿಗಬೇಕು, ಕೆಟ್ಟ ದತ್ತಾಂಶವನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪಬೇಕು ಅಂತ. ಅಂದರೆ ಹುಡುಕಿ ಓದಲು ಮಾಡಿದ ಸಾಧನ. ನಾವು ಅದರಿಂದ ಅಂಕಪಟ್ಟಿ ಮಾಡಿಕೊಂಡಿದ್ದೇವೆ.

ಹಳೆಯ ದೊಡ್ಡವರ ಫೈಲ್ ನನ್ನ ಮೇಜಿಗೆ ಬಂದಿದ್ದರೆ ಏನಾಗುತ್ತಿತ್ತು ಅಂತ ಆಗಾಗ ಲೆಕ್ಕ ಹಾಕುತ್ತೇನೆ. ಕೆಲಸ ಇಲ್ಲದ ಹೊತ್ತಿನ ಚಟ. ಹಾಜ್‌ಕಿನ್ ಮತ್ತು ಹಕ್ಸ್ಲಿ ನರದ ಸಂಕೇತ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಸ್ಕ್ವಿಡ್ ಅನ್ನುವ ಕಡಲಜೀವಿಯ ದಪ್ಪ ನರದಲ್ಲಿ ಅಳೆದು 1952ರಲ್ಲಿ ಐದು ಪೇಪರ್ ಹಾಕಿದರು. ಮೊದಲನೆಯದರಲ್ಲಿ ಕಾಟ್ಜ್ ಕೂಡ ಇದ್ದರು. ಆ ಐದನ್ನು ಬಿಟ್ಟು ಅವರು ಏನೂ ಬರೆಯದೇ ಇದ್ದಿದ್ದರೆ ಎಚ್-ಇಂಡೆಕ್ಸ್ ಎಷ್ಟೇ ತಲೆಕೆಳಗಾದರೂ 5 ದಾಟುತ್ತಿರಲಿಲ್ಲ. ಹಾನ್ಸ್ ಬರ್ಗರ್ ಮನುಷ್ಯರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. 1934ರಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೂ ಮಾಡಿ ನೋಡಿ ಹೌದು ಅನ್ನುವವರೆಗೂ ನಂಬಿದವರು ಕಡಿಮೆ. ಅಷ್ಟರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕದ ಎರಡು ವರ್ಷದ ಕಿಟಕಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮೆದುಳು ಬಿಡಿ ಬಿಡಿ ನರಕೋಶಗಳಿಂದ ಆಗಿದೆ ಎಂದು ತೋರಿಸಿದ ಕಾಹಾಲ್ ಅವರದಂತೂ ಸಮಿತಿಯ ಮುಂದೆ ಇಡುವಂತೆಯೇ ಇಲ್ಲ. 1888ರಲ್ಲಿ ತಮ್ಮದೇ ದುಡ್ಡು ಹಾಕಿ, ತಮ್ಮದೇ ಜರ್ನಲ್, ಸ್ಪ್ಯಾನಿಷ್‌ನಲ್ಲಿ, 60 ಪ್ರತಿ. ಹೆಚ್ಚಿನವನ್ನು ಹೊರದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಅದೂ ಸಾಲದೆ 1889ರಲ್ಲಿ ಸ್ಲೈಡ್‌ಗಳನ್ನು ಹೊತ್ತು ಬರ್ಲಿನ್‌ಗೆ ಹೋಗಿ, ಅಲ್ಲಿ ಸೇರಿದ್ದ ದೊಡ್ಡವರನ್ನು ಮೈಕ್ರೋಸ್ಕೋಪ್ ಹತ್ತಿರ ಕರೆದು ತೋರಿಸಿದರು. ನೋಡಿದ ಮೇಲೆ ಆ ಕಾಲದ ದೊಡ್ಡ ಅಂಗರಚನಾಶಾಸ್ತ್ರಜ್ಞ ಕೋಲಿಕರ್ ಒಪ್ಪಿದರು. ಈಗಿನ ಫಾರಂ ಪ್ರಕಾರ ಅದು ಸ್ವಂತ ಪ್ರಕಟಣೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ, ಆ ಕಾಲಂನಲ್ಲಿ ಗೆರೆ.

ಎಚ್-ಇಂಡೆಕ್ಸ್ ಕಂಡುಹಿಡಿದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಅವರನ್ನು ಬೈಯುವುದೂ ಸರಿಯಲ್ಲ. 2005ರ ಪೇಪರಿನಲ್ಲೇ ಅವರು ಕ್ಷೇತ್ರದಿಂದ ಕ್ಷೇತ್ರಕ್ಕೆ ಇದು ಬೇರೆಯಾಗುತ್ತದೆ, ಒಂದೇ ಅಂಕಿ ಮನುಷ್ಯನ ಪೂರ್ತಿ ಚಿತ್ರ ಕೊಡುವುದಿಲ್ಲ ಎಂದು ಹೇಳಿದ್ದರು. 2020ರಲ್ಲಿ ಇನ್ನೂ ಮುಂದೆ ಹೋಗಿ, ಇದರಿಂದ ಕೆಟ್ಟ ಪರಿಣಾಮಗಳೂ ಆಗಿವೆ ಎಂದು ಬರೆದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಡೋರಾ ಘೋಷಣೆ, ಜರ್ನಲ್‌ನ ಅಂಕಿಯಿಂದ ವಿಜ್ಞಾನಿಯನ್ನು ಅಳೆಯಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೆ ಸಹಿ ಹಾಕಿದ ಜಾಗಗಳ ಫಾರಂನಲ್ಲೂ ಆ ಕಾಲಂ ಇರುವುದನ್ನು ನೋಡಿದ್ದೇನೆ. ಫಾರಂ ಬದಲಿಸುವುದು ಸಹಿ ಹಾಕಿದಷ್ಟು ಸುಲಭ ಅಲ್ಲ.

ಆ ಎರಡು ಫೈಲ್‌ಗಳಿಗೆ ನಾನು ಅಂಕಿಗಳ ಹಾಳೆ ಕೊಟ್ಟೆ. ಅದರ ಹಿಂದೆ ತಲಾ ಒಂದು ಪುಟ ಸೇರಿಸಿದೆ: ಯಾವ ಪೇಪರನ್ನು ಯಾರು, ಯಾವುದಕ್ಕೆ ಬಳಸಿದ್ದಾರೆ, ಅರ್ಜಿದಾರರ ಪಾಲು ಅದರಲ್ಲಿ ಏನು. ಫೋನ್ ಮಾಡಿದ್ದ ಹಿರಿಯರು "ಇಷ್ಟೆಲ್ಲ ಓದೋಕೆ ಟೈಮ್ ಎಲ್ಲಿದೆ" ಎಂದರು. ಇನ್ನೊಬ್ಬ ಸದಸ್ಯರು ಮಾತ್ರ ಓದಿದ್ದರು. ಸಂದರ್ಶನದಲ್ಲಿ ಎಚ್-ಇಂಡೆಕ್ಸ್ ಸುದ್ದಿ ಬಿಟ್ಟು, ಕ್ಯಾಲ್ಸಿಯಂ ಅಳತೆಯ ಬಗ್ಗೆಯೇ ಅರ್ಧ ಗಂಟೆ ಕೇಳಿದರಂತೆ. ಹುದ್ದೆ ಯಾರಿಗೆ ಹೋಯಿತು ಅನ್ನುವುದು ಹೇಳುವ ವಿಷಯ ಅಲ್ಲ, ಬಿಡಿ.

ಈಗ ಹೊಸ ಫೈಲ್ ಬಂದರೆ ಅರ್ಜಿದಾರರಿಗೇ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಮೂರು ಪೇಪರ್ ಆರಿಸಿ. ಒಂದೊಂದಕ್ಕೂ ನಾಲ್ಕು ಸಾಲು ಬರೆಯಿರಿ: ನೀವು ಮಾಡಿದ್ದೇನು, ಅದರಿಂದ ಬೇರೆಯವರು ಮಾಡಿದ್ದೇನು. ಕೆಲವರು ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ ನನಗೆ ತಿದ್ದಲು ಏನೂ ಇರುವುದಿಲ್ಲ. ಇನ್ನು ಕೆಲವರು ಪೇಪರಿನ ಸಾರಾಂಶವನ್ನೇ ಕಾಪಿ ಮಾಡಿ ಅಂಟಿಸಿ ಕಳಿಸುತ್ತಾರೆ. ಅವನ್ನು ವಾಪಸ್ ಕಳಿಸುತ್ತೇನೆ.